ಶವಪೆಟ್ಟಿಗೆಯ ಮೇಲಿನ ಮರಿ

ಬೆಬಾಂಗ್ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಸಿಶುಂಠಿ ಹಿಡಿದು ಒಳಗೆ ನುಗ್ಗಿದಳು. ಸಲೂದ್ ಹುಂಜವನ್ನು ಎದೆಗವಚಿಕೊಂಡು ಮೂಲೆ ಸೇರಿದಳು.

“ಕೊಡಕ್ಕ ಇಲ್ಲಿ! ಮಾಜಿ ಅಧ್ಯಕ್ಷನ್ನ ಹಿಡಿದು ಒಳಗೆ ಹಾಕಿದ್ರು, ಟೀವೀಲಿ ನೋಡಿಲ್ವಾ? ಇದರ ಕೆಲಸ ಮುಗೀತು. ಸಾರು ಮಾಡಿ ಓಣಿಗೆಲ್ಲ ಹಂಚೋಣ.”

“ಮುಟ್ಟಬೇಡ,” ಎಂದಳು ಸಲೂದ್.

ಮನಿಲಾದ ಆ ಓಣಿಯಲ್ಲಿ ಹುಂಜದ ವಿಷಯ ಗೊತ್ತಿಲ್ಲದವರಿರಲಿಲ್ಲ. ಕೊಲೆಯಾದವನ ಶವಪೆಟ್ಟಿಗೆಯ ಗಾಜಿನ ಮೇಲೆ ಒಂದು ಕೋಳಿಮರಿ ಬಿಡುತ್ತಾರೆ. ಅದು ಟಕ್ ಟಕ್ ಎಂದು ಕುಕ್ಕಿದಂತೆಲ್ಲ ಕೊಂದವನ ಎದೆಯನ್ನೇ ಕುಕ್ಕುತ್ತದೆಂದು ನಂಬಿಕೆ. ಮಾದಕವಸ್ತು ಮಾರುವವರನ್ನು ಕಂಡಲ್ಲಿ ಕೊಲ್ಲಿ ಎಂದು ಅಧ್ಯಕ್ಷರು ಅಬ್ಬರಿಸುತ್ತಿದ್ದ ಕಾಲದಲ್ಲಿ ಊರಲ್ಲಿ ಕೋಳಿಮರಿಗಳಿಗೇ ಬರ ಬಂದಿತ್ತು. ಬೆಬಾಂಗಳ ಗಂಡನ ಪೆಟ್ಟಿಗೆಗೆ ಬಾತುಮರಿ ಬಿಡಬೇಕಾಯಿತು. ಅವನು ಮಾರುತ್ತಿದ್ದದ್ದು ಮೀನು.

ಸಲೂದ್ ಬೇರೆ ಬಡಾವಣೆಯಿಂದ ಇಲ್ಲಿಗೆ ಬಂದಾಗ ಬಗಲಲ್ಲಿ ಅಂಥದೇ ಒಂದು ಮರಿಯಿತ್ತು; ಅದೇ ಬೆಳೆದು ಈ ಹುಂಜವಾಗಿತ್ತು. ಕೇಳಿದವರಿಗೆ, “ಶವಪೆಟ್ಟಿಗೆ ಮೇಲಿತ್ತು,” ಎಂದಷ್ಟೇ ಹೇಳಿದಳು. ಗೋಡೆಯ ಮೇಲೆ ಮಗ ರೊಮ್ಮೆಲನ ಫೋಟೊ. ಜನ ಮುಂದೆ ಕೇಳಲಿಲ್ಲ. ಗಾಯದ ಮೇಲೆ ಬರೆ ಎಳೆಯುವವರು ಯಾರು?

ಹುಂಜಕ್ಕೆ ಆಕೆ ಎಂದೂ ಕಾಳು ಚೆಲ್ಲಿದವಳಲ್ಲ. ಮೆತ್ತಗೆ ಗಂಜಿ ಬೇಯಿಸಿ ಅಂಗೈಯಲ್ಲೇ ತಿನ್ನಿಸುವಳು. “ಹುಂಜಕ್ಕೆ ಬಾಣಂತನ ಮಾಡ್ತಿದೀಯಲ್ಲಕ್ಕ,” ಎಂದು ಬೆಬಾಂಗ್ ಕಾಲೆಳೆಯುತ್ತಿದ್ದಳು. ಭಾನುವಾರ ಬಂತೆಂದರೆ ಸಲೂದ್ ಡಬ್ಬಿಗೆ ಬಿಸಿ ಅನ್ನ, ಹಂದಿಮಾಂಸದ ಪಲ್ಯ ತುಂಬಿಕೊಂಡು ಜೀಪ್ನಿ ಗಾಡಿ ಹತ್ತುವಳು. ಕೈಯಲ್ಲಿ ಹೂವಿಲ್ಲ, ಮೇಣದಬತ್ತಿಯಿಲ್ಲ. ಪಾಪ, ಬಡವಿ, ಗೋರಿಗೆ ಎಡೆಯನ್ನಾದರೂ ಒಯ್ಯುತ್ತಾಳಲ್ಲ ಎಂದು ಓಣಿ ಮರುಗುತ್ತಿತ್ತು.

ಬೆಬಾಂಗ್ ಕತ್ತಿ ಕೆಳಗಿಟ್ಟಳು.

“ಹೋಗ್ಲಿ, ಕೊಯ್ಯೋದು ಬೇಡ. ಆ ಕೇಸಿಗೆ ಸಾಕ್ಷಿ ಕೂಡಿಸೋಕೆ ಚರ್ಚಿಗೆ ಬಂದಿರೋ ವಕೀಲಮ್ಮನ ಹತ್ರ ನಿನ್ನ ಮಾತನ್ನಾದ್ರೂ ಹೇಳು. ಅವರೇನಂದ್ರು ಗೊತ್ತಾ? ಅಳೋರು ಸಾವಿರ ಜನ ಬಂದ್ರು, ಕೊಲ್ಲೋ ಆಜ್ಞೆ ಆ ಮುದುಕ ಅಧ್ಯಕ್ಷನದ್ದೇ ಅಂತ ತಾವೇ ಕೇಳಿ ಹೇಳೋರು ಒಬ್ಬರೂ ಬರ್ಲಿಲ್ಲ ಅಂತ. ಹಿಂಗೇ ಆದ್ರೆ ಮೀಸೆ ತಿರುವಿಕೊಂಡು ಮನೆಗೆ ಬರ್ತಾನೆ, ನೋಡ್ತಿರು.”

“ನಾನು ಬಾಯಿ ಬಿಟ್ರೆ ನನ್ನ ಮಗ ನಂಗೆ ಸಿಗ್ತಾನಾ?”

“ನನ್ನ ಗಂಡನೂ ಸಿಗಲ್ಲ ಕಣಕ್ಕ.” ಬೆಬಾಂಗ್ ಶುಂಠಿಯನ್ನೂ ಕತ್ತಿಯ ಪಕ್ಕ ಇಟ್ಟಳು. “ಆದ್ರೂ ಹೇಳ್ದೆ. ಹೇಳಿದ ದಿನ ಒಂದು ತುತ್ತು ಹೆಚ್ಚಿಗೆ ಊಟ ಸೇರ್ತು.”

ಸಲೂದಳಿಗೆ ಆ ಮುಖ ನೋಡಲಾಗಲಿಲ್ಲ. ಇವಳ ಗಂಡನಂಥವರು ಎಷ್ಟು ಜನವೋ ಎಂದು ಮನಸ್ಸು ಹಿಂಡಿತು.

ಆ ಭಾನುವಾರವೂ ಡಬ್ಬಿ ಹಿಡಿದು ಹೋದಳು. ಬರುವಾಗ ಮನೆಗೆ ಬಾರದೆ ನೇರ ಚರ್ಚಿನ ಹಜಾರಕ್ಕೆ ನಡೆದಳು. ಡಬ್ಬಿಯಲ್ಲಿ ಅನ್ನ ಹಾಗೇ ಇತ್ತು. ಮೊದಲೇ ಅಲ್ಲಿದ್ದ ಬೆಬಾಂಗ್ ಓಡಿ ಬಂದು ಪಕ್ಕದಲ್ಲಿ ಕೂತು, ಧೈರ್ಯಕ್ಕೆಂದು ಕೈ ಹಿಡಿದುಕೊಂಡಳು.

ವಕೀಲೆ ಕಾರ್ಮೆಲಾ ನೀರು ಕೊಟ್ಟರು. “ಅವಸರ ಇಲ್ಲಮ್ಮ. ನಿಮ್ಮ ಮಗನ್ನ ಯಾರು ಹೊಡೆದ್ರು, ಗೊತ್ತಿದ್ದಷ್ಟು ಹೇಳಿ.”

ಸಲೂದ್ ಬೆಬಾಂಗಳ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

“ನನ್ನ ಮಗ ಬದುಕಿದ್ದಾನೆ ಮೇಡಂ, ಹೊರಗೆ ಗೇಟಿನ ಹತ್ರ ನಿಂತಿದ್ದಾನೆ. ಪೊಲೀಸ್ ಆಗಿದ್ದ, ಇಷ್ಟು ದಿನ ಅಡಗಿದ್ದ; ಭಾನುವಾರದ ಡಬ್ಬಿ ಅವನಿಗೇ. ಕೊಲ್ಲು ಅಂತ ಆ ಮುದುಕ ಹೇಳಿದ್ದನ್ನ ಕಿವಿಯಾರೆ ಕೇಳಿ, ಗುಂಡು ಹೊಡೆದವನು. ಅವನು ಕೊಂದ ಹುಡುಗನ ಪೆಟ್ಟಿಗೆ ಮೇಲಿಂದ ಮರಿ ಕದ್ದವಳು ನಾನು. ಕುಕ್ಕದೇ ಇರ್ಲಿ ಅಂತ ಇಷ್ಟು ವರ್ಷ ಗಂಜಿ ತಿನ್ನಿಸಿ ಸಾಕಿದೆ. ಆದ್ರೂ ಕುಕ್ಕಿತು.”