ನಾಲ್ಕು ಶಿಖರ

ಕಣ್ಣು ಮಿಟುಕಿಸುವುದರೊಳಗೆ ಇಲ್ಲವಾಗುವ ಫ್ರೀ ರ್‍ಯಾಡಿಕಲ್ ಎಂಬ ಕಣವನ್ನು ಹಿಡಿಯಲು ನಮ್ಮ ಲ್ಯಾಬಿನ ಅಕ್ಕ ಎರಡು ವರ್ಷದಿಂದ ಒದ್ದಾಡುತ್ತಿದ್ದರು. ಅವರ ಔಷಧ ಜೀವಕೋಶದಲ್ಲಿ ಆ ಕಣವನ್ನು ಹುಟ್ಟಿಸುತ್ತದೆಂದು ತೋರಿಸಿದರೆ ಮಾತ್ರ ಪಿಎಚ್‌ಡಿ. ಕಣ ಸಿಕ್ಕಿದರೆ ಯಂತ್ರದ ಪರದೆಯಲ್ಲಿ ನಾಲ್ಕು ಶಿಖರ ಏಳುತ್ತವೆ. ನಾನು ಗಾಜಿನ ಕೊಳವೆ ತೊಳೆಯುವ ಕೆಲಸಕ್ಕೆ ಸೇರಿದ ವಾರವೇ ಅವು ಎದ್ದವು.

“ನಿನ್ ಕೈಗುಣ ಕಣೇ!” ಎಂದು ಅಕ್ಕ ನನಗೆ ಮಸಾಲೆ ದೋಸೆ ಕೊಡಿಸಿದ್ದರು.

ಪರೀಕ್ಷಕರು ಬಂದು ಪ್ರಯೋಗವನ್ನು ಕಣ್ಣಾರೆ ನೋಡುವ ಹಿಂದಿನ ದಿನ ಅಕ್ಕ ಕೂತಲ್ಲಿ ಕೂರಲಿಲ್ಲ. ಶಿಖರ ಬಂದ ಸಂಭ್ರಮದಲ್ಲಿ ಮುಂದೂಡಿದ್ದ ಒಂದು ಪರೀಕ್ಷೆ ಬಾಕಿಯಿತ್ತು. ಔಷಧವನ್ನೂ ಜೀವಕೋಶವನ್ನೂ ಹಾಕದೆ, ಕಣ ಹಿಡಿಯುವ ದ್ರಾವಣವನ್ನಷ್ಟೇ ಕೊಳವೆಗೆ ತುಂಬಿ ಯಂತ್ರದಲ್ಲಿಟ್ಟರು. ಏನೂ ಬರಬಾರದಿತ್ತು.

ನಾಲ್ಕು ಶಿಖರ ಎದ್ದವು.

ಅಕ್ಕ ನನ್ನತ್ತ ತಿರುಗಿದರು. “ಕೊಳವೆನ ಕೊನೇಲಿ ಯಾವ ನೀರಲ್ಲಿ ಜಾಲಿಸ್ತೀಯೇ?”

“ಬೋರ್‌ವೆಲ್ ನೀರಲ್ಲಿ, ಅಕ್ಕ. ಡಿಸ್ಟಿಲ್ಡ್ ವಾಟರ್ ಸುಮ್ಸುಮ್ನೆ ಚೆಲ್ಬೇಡ ಅಂತ ನೀವೇ ಬೈದಿದ್ರಲ್ಲ.”

“ಅಯ್ಯೋ, ಆ ನೀರಲ್ಲಿ ಕಬ್ಬಿಣದಂಶ ಇದೆ ಕಣೇ! ಇಷ್ಟು ದಿನ ಶಿಖರ ಎಬ್ಬಿಸಿದ್ದು ಅದು. ನನ್ ಔಷಧ ಅಲ್ಲ.”

ನಾನು ಕೊಳವೆಗಳ ಟ್ರೇ ಎತ್ತಿಕೊಂಡೆ.

“ತಪ್ಪಾಯ್ತು ಅಕ್ಕ. ಎಲ್ಲಾ ಕೊಳವೆನೂ ಈಗ್ಲೇ ಡಿಸ್ಟಿಲ್ಡ್ ವಾಟರಲ್ಲಿ ತೊಳೆದಿಡ್ತೀನಿ,” ಎಂದೆ.

ಅಕ್ಕ ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು.

“ಬೇಡ,” ಎಂದರು. “ನಾಳೆಗೂ ಬೋರ್‌ವೆಲ್ ನೀರಲ್ಲೇ ತೊಳಿ.”