ಕ್ಲಿಪ್ಪಿನ ಮೇಜು

ಅಕ್ಷಿತಾ ಮೇಜಿನ ಎಡಗಡೆಯ ಕ್ಲಿಪ್ ಒತ್ತಿದ್ದೇ ತಡ, ಹಲಗೆ ಇಡಿಯಾಗಿ ಕುಸಿಯಿತು. ಮೇಲಿದ್ದ ಸ್ಟ್ಯಾಂಡು ಜಾರಿ ನೆಲಕ್ಕೆ ಬಿತ್ತು. ಅದರಲ್ಲಿದ್ದ ರಕ್ತದ ಟ್ಯೂಬಿನ ಮುಚ್ಚಳ ಕಳಚಿ, ಇದ್ದಷ್ಟೂ ರಕ್ತ ಟೈಲ್ಸಿನ ಮೇಲೆ ಹರಡಿತು. ಮೈಕ್ರೋಸ್ಕೋಪು ಇನ್ನೂ ಕಪಾಟಿನಲ್ಲಿತ್ತು, ಅದೊಂದು ಪುಣ್ಯ.

“ಬಲಗಡೆ ಲಾಕೇ ಬಿದ್ದಿಲ್ಲ ಸರ್. ಮೇಜು ಏರಿಸಿದೋರು ಒಂದ್ಸಲ ನೋಡ್ಬಾರ್ದಾ?” ಎಂದಳು.

“ಮ್ಯಾಲೆ ಸ್ಟ್ಯಾಂಡ್ ಇಟ್ಕೊಂಡು ಯಾರಾದ್ರೂ ಮೇಜು ಇಳಿಸ್ತಾರೇನಮ್ಮ?” ಎಂದರು ಬಾಗಿಲಲ್ಲಿ ನಿಂತಿದ್ದ ನಾಗೇಂದ್ರಪ್ಪ.

ಇಬ್ಬರು ಹೇಳಿದ್ದೂ ನಿಜವೇ ಆಗಿದ್ದರಿಂದ ಇಬ್ಬರಿಗೂ ಇನ್ನಷ್ಟು ಸಿಟ್ಟು ಬಂತು.

ಚನ್ನಗಿರಿಯ ಆ ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕಿದ್ದವರು ಇವರಿಬ್ಬರೇ. ನಾಗೇಂದ್ರಪ್ಪ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ. ಕುತ್ತಿಗೆ ಎಲುಬು ಸವೆದು ಪಟ್ಟಿ ಹಾಕಿಕೊಂಡಿದ್ದರು. ತಲೆ ಬಗ್ಗಿಸಲೇಬೇಡಿ ಎಂದು ಡಾಕ್ಟರು ಹೇಳಿದ್ದರು. ಅಕ್ಷಿತಾ ಅವರ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಅವರ ಎತ್ತರಕ್ಕಿಟ್ಟ ಮೇಜಿನಲ್ಲಿ ಮೈಕ್ರೋಸ್ಕೋಪ್ ನೋಡಬೇಕೆಂದರೆ ತುದಿಗಾಲಲ್ಲಿ ನಿಲ್ಲಬೇಕಿತ್ತು. ಸ್ಕ್ರೂ ಬಿಗಿದ ಹಳೆಯ ಮೇಜಿದ್ದಾಗ ಇಬ್ಬರೂ ಗೊಣಗುತ್ತಲೇ ಹೊಂದಿಕೊಂಡಿದ್ದರು. ಇಬ್ಬರಿಗೂ ಅನುಕೂಲವಾಗಲಿ ಎಂದು ಮಾಲೀಕರು ಈ ಹೊಸದನ್ನು ತರಿಸಿದರು. ಗೋಡೆಗೆ ಎರಡು ಕಬ್ಬಿಣದ ಪಟ್ಟಿ, ಅವುಗಳ ಮೇಲೆ ಏರಿಳಿಯುವ ಹಲಗೆ. ಸ್ಪ್ಯಾನರ್ ಬೇಡ, ಸ್ಕ್ರೂ ಬೇಡ. ಎರಡೂ ಬದಿಯ ಕ್ಲಿಪ್ ಒತ್ತಿ, ಸರಿಸಿ, ಬಿಟ್ಟರೆ ಅಲ್ಲೇ ಲಾಕ್. ಜಗಳ ಶುರುವಾದದ್ದು ಅಂದಿನಿಂದ. ಬೆಳಿಗ್ಗೆ ಬೇಗ ಬರುವ ನಾಗೇಂದ್ರಪ್ಪ ಏರಿಸುತ್ತಿದ್ದರು, ಆಮೇಲೆ ಬರುವ ಅಕ್ಷಿತಾ ಇಳಿಸುತ್ತಿದ್ದಳು, ಅವಳು ಊಟಕ್ಕೆ ಎದ್ದು ಹೋದರೆ ಅದು ಮತ್ತೆ ಏರಿರುತ್ತಿತ್ತು. ಮಾಲೀಕರ ಹತ್ತಿರ ದೂರು ಹೋದಾಗ, ಇಷ್ಟು ಸುಲಭದ ಮೇಜು ತಂದುಕೊಟ್ಟರೂ ನಿಮ್ಮ ಗೋಳು ತಪ್ಪಲಿಲ್ಲವಲ್ಲ ಎಂದು ಅವರೇ ಹಣೆ ಚಚ್ಚಿಕೊಂಡಿದ್ದರು.

ಈಗ ಚೆಲ್ಲಿದ್ದು ಗಿಡ್ಡಮ್ಮನ ರಕ್ತ. ತ್ಯಾವಣಿಗೆಯಿಂದ ಮೊದಲ ಬಸ್ಸಿಗೆ ಒಬ್ಬಳೇ ಬಂದಿದ್ದ ಮುದುಕಿ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕಿತ್ತು. ಸಣಕಲು ಕೈಯಲ್ಲಿ ನರವೇ ಸಿಗದೆ ನಾಗೇಂದ್ರಪ್ಪ ಅಲ್ಲಿ ಇಲ್ಲಿ ಚುಚ್ಚಿ ಹೇಗೋ ತೆಗೆದು, ಹೋಗಿ ಟೀ ಕುಡಿಯಿರಿ ಎಂದು ಈಗಷ್ಟೇ ಕಳಿಸಿದ್ದರು. ಅವಳ ಹೊಟ್ಟೆಗೆ ಏನಾದರೂ ಬಿದ್ದರೆ ಇವತ್ತಿನ ಪರೀಕ್ಷೆ ಮುಗಿದಂತೆ. ಮತ್ತೊಂದು ದಿನ ಮತ್ತೆ ಉಪವಾಸ, ಮತ್ತೆ ಬಸ್ಸು. ಅದು ನೆನಪಾಗಿ ಅಕ್ಷಿತಾ ರಸ್ತೆ ದಾಟಿ ಓಡಿದಳು. ಎದುರಿನ ಹೋಟೆಲಿನ ಬೆಂಚಿನ ಮೇಲೆ ಗಿಡ್ಡಮ್ಮ ಟೀಯನ್ನು ಬಸಿಗೆ ಸುರಿದುಕೊಂಡು ಊದುತ್ತಿದ್ದಳು.

“ಅಜ್ಜಿ, ಕುಡೀಬ್ಯಾಡ್ರಿ,” ಎನ್ನುತ್ತಾ ಅಕ್ಷಿತಾ ಬಸಿಯನ್ನು ಅವಳ ಕೈಯಿಂದ ತೆಗೆದುಕೊಂಡಳು. ರಕ್ತ ಇನ್ನೊಮ್ಮೆ ಕೊಡಬೇಕು, ಮೇಜು ಬಿದ್ದುಹೋಯಿತು ಎಂದು ಏದುಸಿರಿನಲ್ಲೇ ಹೇಳಿದಳು. ಗಿಡ್ಡಮ್ಮ ದೂರ ಹೋದ ಬಸಿಯನ್ನು ನೋಡಿದಳು, ಹುಡುಗಿಯ ಮುಖ ನೋಡಿದಳು. ನನ್ನ ರಕ್ತಕ್ಕೂ ನಿಮ್ಮ ಮೇಜಿಗೂ ಏನು ಸಂಬಂಧ ಎಂದು ಕೇಳಿದಳು. ಅಕ್ಷಿತಾ ಬಸಿಯನ್ನು ಬೆಂಚಿನ ಮೇಲಿಟ್ಟಳು. ಮುದುಕಿ ಸೆರಗು ಹೊದ್ದು ಎದ್ದು ಅವಳ ಹಿಂದೆ ನಡೆದಳು.

ಇವರು ಬರುವಷ್ಟರಲ್ಲಿ ನಾಗೇಂದ್ರಪ್ಪ ನೆಲ ಒರೆಸಿ, ಹಲಗೆಯನ್ನು ಮತ್ತೆ ಪಟ್ಟಿಗೆ ಕೂರಿಸಿದ್ದರು. ತಮ್ಮ ಎತ್ತರಕ್ಕೇ. ಅದನ್ನು ಕಂಡು ಅಕ್ಷಿತಾಳ ಮೈ ಉರಿಯಿತು. ಸ್ಟೂಲಿನ ಮೇಲೆ ಕೂತ ಗಿಡ್ಡಮ್ಮನ ಕೈಯನ್ನು ಭುಜಕ್ಕಿಂತ ಮೇಲೆತ್ತಿ ಹಲಗೆಯ ಮೇಲಿಟ್ಟು ನಾಗೇಂದ್ರಪ್ಪ ರಬ್ಬರ್ ಕಟ್ಟಿದರು. ಚುಚ್ಚಿದರು. ರಕ್ತ ಬರಲಿಲ್ಲ. ಸ್ವಲ್ಪ ಪಕ್ಕಕ್ಕೆ ಮತ್ತೆ ಚುಚ್ಚಿದರು.

“ಕೈ ಅಷ್ಟು ಮ್ಯಾಲಿಟ್ರೆ ನರ ಹೆಂಗೆ ಸಿಗ್ತೈತೆ ಸರ್?”

“ನಿನ್ನ ಮಟ್ಟಕ್ಕೆ ಇಳಿಸಿದ್ರೆ ನನಗೆ ಬಗ್ಗಾಕೆ ಆಗ್ತೈತಾ?”

ಅಲ್ಲಿಗೆ ಎಲ್ಲವೂ ಮತ್ತೆ ಹೊರಬಂತು. ಲಾಕ್ ಹಾಕದವರು ಯಾರು, ನೋಡದೆ ಒತ್ತಿದವರು ಯಾರು, ನಿನ್ನೆ ಏರಿಸಿದ್ದು ಯಾಕೆ, ಮೊನ್ನೆ ಇಳಿಸಿದ್ದು ಯಾಕೆ. ನಾಗೇಂದ್ರಪ್ಪನವರ ಕೈಯಲ್ಲಿ ಸಿರಿಂಜು ಹಾಗೇ ಇತ್ತು. ಬಿಗಿದ ರಬ್ಬರಿನ ಕೆಳಗೆ ಮುದುಕಿಯ ಬೆರಳುಗಳು ಕಪ್ಪಿಡತೊಡಗಿದ್ದವು. ಗಿಡ್ಡಮ್ಮ ಇನ್ನೊಂದು ಕೈಯಿಂದ ರಬ್ಬರನ್ನು ತಾನೇ ಎಳೆದು ಬಿಚ್ಚಿದಳು.

“ಮೇಜು ಯಾರದಾರ ಆಗ್ಲಿ,” ಅಂದಳು. “ಕೈ ನಂದು.”

ಅಕ್ಷಿತಾ ಮೇಜಿನ ಮೇಲಿದ್ದುದನ್ನೆಲ್ಲ ಎತ್ತಿ ಕಿಟಕಿಯಲ್ಲಿಟ್ಟಳು. ಅವಳು ಎಡಗಡೆ ಹಿಡಿದಳು. ಹೇಳಿಸಿಕೊಳ್ಳದೆಯೇ ನಾಗೇಂದ್ರಪ್ಪ ಬಲಗಡೆ ಹಿಡಿದರು. ಹಲಗೆ ಅವಳ ಮಟ್ಟವನ್ನೂ ದಾಟಿ ಇಳಿಯಿತು, ಗಿಡ್ಡಮ್ಮನ ಮೊಣಕೈ ಆರಾಮಾಗಿ ಊರುವವರೆಗೆ. ಇಬ್ಬರೂ ಲಾಕ್ ಅಲುಗಾಡಿಸಿ ನೋಡಿದರು. ನಾಗೇಂದ್ರಪ್ಪ ಗೋಡೆ ಹಿಡಿದುಕೊಂಡು, ಕುತ್ತಿಗೆ ಬಗ್ಗದಂತೆ, ಮೆಲ್ಲಗೆ ನೆಲಕ್ಕೆ ಮಂಡಿಯೂರಿದರು. ಎದುರುಗಡೆ ಕುಕ್ಕರಗಾಲಲ್ಲಿ ಕೂತ ಅಕ್ಷಿತಾ ಮುದುಕಿಯ ಮಣಿಕಟ್ಟು ಹಿಡಿದು ನರವನ್ನು ಬೆರಳಿನಿಂದ ತೋರಿಸಿದಳು.

“ಎತ್ತರ ಸರಿ ಐತೇನವ್ವ?” ಎಂದು ಕೇಳಿದರು ನಾಗೇಂದ್ರಪ್ಪ.

ಸಿರಿಂಜಿನೊಳಗೆ ರಕ್ತ ನಿಧಾನವಾಗಿ ಏರತೊಡಗಿತ್ತು. ಗಿಡ್ಡಮ್ಮ ನೆಲದಲ್ಲಿ ಕೂತ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು.

“ನನಗೇನೋ ಸರಿ ಐತೆ,” ಅಂದಳು. “ನಿಮಗೆ?”