ಪಾದಕ್ಕೆರಗಿದ ಚಿಟ್ಟೆಗಳು

"ಎಲ್ಲವೆ ನಿನ್ ಚಿಟ್ಟೆ, ತೋರ್ಸವ್ವ. ಮೇಲೆ ಹಾರೋವು ಲೆಕ್ಕಕ್ಕಿಲ್ಲ. ಇಲ್ಲಿ ಇಳಿದ್ರೆ ಬಸ್‌ಸ್ಟ್ಯಾಂಡ್ನ ರಸ್ತೆ ಆಚೆಗೇ ಕಟ್ತೀನಿ," ಎಂದ ಗುತ್ತಿಗೆದಾರ ಅನಂತರಾಜು.

ಪತ್ರಿಕೆಗೆ ಚಿತ್ರ ತೆಗೆಯಲು ಕನಕಪುರದಿಂದ ಬಂದಿದ್ದ ದಿವ್ಯ ಕ್ಯಾಮೆರಾ ಹಿಡಿದು ನೆಲವನ್ನೆಲ್ಲ ಹುಡುಕಿದಳು. ಅಕ್ಕೂರಿನ ಈ ಹೊಂಗೆಮರದಡಿಯ ಒದ್ದೆ ನೆಲಕ್ಕೆ ವಲಸೆಯ ತಿಳಿಹಳದಿ ಚಿಟ್ಟೆಗಳು ಹಿಂಡುಹಿಂಡಾಗಿ ಇಳಿದು ಉಪ್ಪು ಹೀರುತ್ತವೆಂದು ಕೇಳಿದ್ದಳು. ಇಂದು ನೋಡಿದರೆ ನೆಲ ಒಣಗಿತ್ತು. ಪಕ್ಕದಲ್ಲಿ ಜಲ್ಲಿಯ ರಾಶಿ ಬಿದ್ದಿತ್ತು.

"ಒದ್ದೆ ಎಲ್ಲಿಂದಾದದು? ಜಲ್ಲಿ ಬಂತು ಅಂತ ನಮ್ಮೆತ್ತ ಆಚೆ ಕಟ್ಬುಟ್ನಲ್ಲ," ಎಂದಳು ಪಕ್ಕದ ಹೊಲದ ಚಿಕ್ಕಲಕ್ಷ್ಮಮ್ಮ. ಆ ಪುಣ್ಯತೀರ್ಥದ ಉಗಮಸ್ಥಾನ ಯಾವುದೆಂಬುದು ಆಗ ಎಲ್ಲರಿಗೂ ಹೊಳೆಯಿತು.

ಎತ್ತು ಬಂತು. ಒಂದು ತೊಟ್ಟಿ ನೀರು ಕುಡಿಯಿತು. ಅನಂತರ ಸಮಾಧಿಸ್ಥ ಋಷಿಯಂತೆ ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿತು. ಎತ್ತು ಗಂಜಳ ಹುಯ್ಯಲೆಂದು ರೈತರು ಹಾಕುವ ಶಿಳ್ಳೆಯನ್ನು ಚಿಕ್ಕಲಕ್ಷ್ಮಮ್ಮ ಹಾಕಿದಳು. ದಿವ್ಯಳೂ ಹಾಕಿದಳು. ಋಷಿಗೆ ಅದಾವುದೂ ಕೇಳಿಸಲಿಲ್ಲ.

"ಅದೇನ್ ವಿಸಿಲಕ್ಕಾ, ಕುಕ್ಕರ್ ಕೂಗ್ದಂಗೆ! ಸರೀರಿ ಅತ್ಲಾಗೆ," ಎಂದ ಅನಂತರಾಜು. ತಾನು ಯಾರ ಪಕ್ಷದವನೆಂಬುದನ್ನು ಮರೆತು ಎತ್ತಿನ ಹೊಟ್ಟೆಯ ಬಳಿಗೇ ಹೋಗಿ ನಿಂತ. ತುಟಿ ಚೂಪು ಮಾಡಿ, ಕೊಳಲಿನಂಥ ಶಿಳ್ಳೆಯೊಂದನ್ನು ಎಳೆದ.

ಗಂಗಾವತರಣವಾಯಿತು. ಚಪ್ಪಲಿ, ಹೆಬ್ಬೆರಳು, ಇಸ್ತ್ರಿ ಮಾಡಿದ ಬಿಳಿ ಪಂಚೆಯ ಅಂಚು, ಎಲ್ಲವೂ ತೊಯ್ದವು.

"ಥೂ! ನೀರು ತತ್ತಾರಕ್ಕಾ!"

"ಅಣ್ಣಾ, ಕದಲಬೇಡಿ! ಹೆಬ್ಬೆರಳ ಮೇಲೊಂದು ಕೂತಿದೆ!" ದಿವ್ಯ ನೆಲಕ್ಕೆ ಮಂಡಿಯೂರಿದಳು.

"ಪೇಪರ್‌ನಲ್ಲಿ ಬತ್ತದಾ?"

"ಬರುತ್ತೆ."

ಅನಂತರಾಜು ಕೂದಲು ನೇವರಿಸಿ, ಕೊರಳಿನ ಗುಂಡಿ ಹಾಕಿಕೊಂಡು, ಮುಗುಳ್ನಗೆ ತಂದುಕೊಂಡು ಶಿಲಾವಿಗ್ರಹದಂತೆ ನಿಂತ. ಒಂದರ ಹಿಂದೊಂದು ಚಿಟ್ಟೆಗಳಿಳಿದವು. ಪಾದಕಮಲವನ್ನು ದುಂಬಿಗಳು ಮುತ್ತುವ ವರ್ಣನೆಯನ್ನು ಹಳೆಯ ಕವಿಗಳಲ್ಲಿ ಓದಿದ್ದವರು ಅಲ್ಲಿದ್ದಿದ್ದರೆ ಕೈಮುಗಿಯುತ್ತಿದ್ದರು.

ಮಾತಿಗೆ ತಪ್ಪದೆ ಅವನು ಜಲ್ಲಿಯನ್ನು ರಸ್ತೆಯಾಚೆಗೆ ಸಾಗಿಸಿದ. ಎತ್ತು ತನ್ನ ಹಳೆಯ ಗೂಟಕ್ಕೆ ಮರಳಿತು. ಮರದಡಿ ಫಲಕವೊಂದು ನಿಂತಿತು: "ಇದು ಚಿಟ್ಟೆಗಳ ತಂಗುದಾಣ." ಅದರ ಕೆಳಗೆ ಆಳೆತ್ತರದ ಚಿತ್ರ; ಚಿಟ್ಟೆಗಳು ಕಿಕ್ಕಿರಿದ ಎರಡು ಪಾದಗಳು, ಅಷ್ಟೇ.

ಅನಂತರಾಜು ಫಲಕದ ಹಿಂಬದಿಗೂ ಹೋಗಿ ನೋಡಿ ಬಂದ. "ನನ್ ಮಕ ಎಲ್ಲಕ್ಕಾ?"

ಚಿಕ್ಕಲಕ್ಷ್ಮಮ್ಮ ಎತ್ತಿನ ಮುಂದೆ ಹುಲ್ಲು ಹರಡುತ್ತ ಹೇಳಿದಳು:

"ಮಕುಕ್ಕೂ ಚಿಟ್ಟೆ ಕೂರ್ಬೇಕು ಅಂದಿದ್ರೆ, ನೀನು ಇನ್ನೊಸಿ ಬಗ್ಗಿ ವಿಸಿಲ್ ಹಾಕ್ಬೇಕಿತ್ತು ಕಣಣ್ಣ."